ಐದು ಹೆಡೆಯ ಚಿತ್ರವೂ ಪ್ರಮಾಣವಿಚಾರವೂ

ಶ್ರಾವಣ ಶುದ್ಧ ಪಂಚಮಿ ಸಮೀಪಿಸಿತೆಂದರೆ ನಮ್ಮ ಇನ್ನಂಜೆಯ ಸುತ್ತಣ ನಾಗಬನಗಳಲ್ಲಿ ತರಗೆಲೆ ಗುಡಿಸುವ ಕೆಲಸ ಮೊದಲಾಗುತ್ತದೆ. ತನು ಎರೆಯುವುದಕ್ಕೆ ಹಾಲು, ಎಳನೀರು, ಅಲಂಕಾರಕ್ಕೆ ಅರಸಿನ, ಹಿಂಗಾರ, ಕೇದಗೆ ಎಲ್ಲವೂ ಒದಗಿಬರಬೇಕು. ಇವುಗಳ ಜೊತೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಯಾರೂ ಕರೆಯದೆಯೇ ಬರುವ ಇನ್ನೊಂದು ವಸ್ತುವುಂಟು. ಅದು ಐದು ಹೆಡೆಯ ಸರ್ಪದ ಒಂದು ಛಾಯಾಚಿತ್ರ. ಕುಕ್ಕೆ ಸುಬ್ರಹ್ಮಣ್ಯದ ಬಳಿ ಕಾಣಿಸಿಕೊಂಡ ಸಾಕ್ಷಾತ್ ನಾಗನಿವನೆಂಬ ಒಕ್ಕಣೆ ಅದರ ಜೊತೆಗಿರುತ್ತದೆ. ಮೊದಮೊದಲು ಮಿಂಚಂಚೆಯಲ್ಲಿ ಸುತ್ತುತ್ತಿದ್ದ ಈ ಚಿತ್ರ ಈಗ ವಾಟ್ಸಪ್ಪಿನ ಮೂಲಕ ಮನೆಮನೆಯನ್ನು ತಲಪುತ್ತಿದೆ. ಇಂತಹ ಚಿತ್ರಗಳ ಕೆಳಗೆ, ಹತ್ತಾರು ಮಂದಿಗೆ ಕಳುಹಿಸಿದವರಿಗೆ ಶುಭ, ಅಳಿಸಿದವರಿಗೆ ಕೇಡು ಎಂಬ ಬೆದರಿಕೆಯೂ ಅನೇಕ ವೇಳೆ ಇರುತ್ತದೆ.

ಇದನ್ನು ಕುರಿತು ಆಸ್ತಿಕ ಬಂಧುಗಳು ನಮ್ಮಲ್ಲಿ ಕೇಳುವ ಪ್ರಶ್ನೆಗಳು ಎರಡು. ಇದನ್ನು ನಂಬಬೇಕೆ, ನಂಬದಿದ್ದರೆ ದೋಷವೆ ಎಂಬುದು ಒಂದು. ಸುಳ್ಳೇ ಆಗಿದ್ದರೂ ನೋಡಿದವರ ಭಕ್ತಿ ಹೆಚ್ಚುವುದಾದರೆ ತಪ್ಪೇನು ಎಂಬುದು ಇನ್ನೊಂದು. ಮೊದಲನೆಯದು ಸುಲಭ. ಎರಡನೆಯದನ್ನು ಸುಲಭವೆಂದು ತಳ್ಳಿಹಾಕಲಾಗದು. ಒಳ್ಳೆಯ ಮನಸ್ಸಿನವರೇ ಅದನ್ನು ಕೇಳುತ್ತಾರೆ.

ಚಿತ್ರದ ಸಂಗತಿಯನ್ನು ಮೊದಲು ಮುಗಿಸೋಣ. ಒಂದೇ ಹೆಡೆಯ ಸಾಮಾನ್ಯ ನಾಗರಹಾವಿನ ಚಿತ್ರಕ್ಕೆ ಅದೇ ಹೆಡೆಯ ಪ್ರತಿಗಳನ್ನು ಗಣಕಯಂತ್ರದ ಸಹಾಯದಿಂದ ಕೂಡಿಸಿ ಇದನ್ನು ಸಿದ್ಧಪಡಿಸಲಾಗಿದೆಯೆಂಬುದನ್ನು ಪರೀಕ್ಷಿಸಿದವರು ಮೂಲಚಿತ್ರದೊಡನೆ ಹೋಲಿಸಿ ತೋರಿಸಿದ್ದಾರೆ. ಜೀವವಿಜ್ಞಾನವೂ ಇದನ್ನು ಸಮರ್ಥಿಸುತ್ತದೆ. ಮೊಟ್ಟೆಯೊಳಗಿನ ಭ್ರೂಣ ಪೂರ್ಣವಾಗಿ ಎರಡಾಗದೆ ಉಳಿದಾಗ ಎರಡು ತಲೆಯ ಹಾವು ಹುಟ್ಟುವುದುಂಟು. ಅಂತಹವು ಬಹಳ ವಿರಳ, ಹೆಚ್ಚಿನವು ದೀರ್ಘಕಾಲ ಬದುಕುವುದೂ ಇಲ್ಲ. ಆದರೆ ಸಾಲಾಗಿ ಐದು ಹೆಡೆಗಳನ್ನು ಸಮನಾಗಿ ಬಿಚ್ಚಿ ನಿಂತ ಜೀವಂತ ಹಾವನ್ನು ಯಾವ ಸರ್ಪತಜ್ಞನೂ ಕಂಡು ದಾಖಲಿಸಿದ್ದಿಲ್ಲ. ಘಟ್ಟದ ಮೇಲಿನ ಆಗುಂಬೆಯಲ್ಲಿ ರೋಮ್ಯುಲಸ್ ವಿಟೇಕರ್ ಅವರು 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನ ಕೇಂದ್ರದವರು ಕಾಳಿಂಗ ಸರ್ಪಗಳ ಬೆನ್ನುಹತ್ತಿ ಕಾಡು ಅಲೆದವರು. ಅವರ ಕಾಳಿಂಗಗಳಿಗೂ ತಲೆ ಒಂದೇ.

ಕುಕ್ಕೆಯ ಚಿತ್ರ ಒಂಟಿಯಲ್ಲ. 2019ರ ಅಕ್ಟೋಬರಿನಲ್ಲಿ ಕನಕಪುರ ತಾಲೂಕಿನಲ್ಲಿ ಏಳು ಹೆಡೆಯ ಸರ್ಪದ ಪೊರೆ ದೊರೆತಿದೆಯೆಂದು ಸುದ್ದಿಯಾಗಿ, ಜನ ನೆರೆದು ಅರಸಿನ ಕುಂಕುಮವಿಟ್ಟು ಪೂಜಿಸಿದರು. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಕತ್ತರಿಸಿ ಅಂಟಿಸುವ ಶ್ರಮವೂ ಬೇಡ, ಬಾಯಲ್ಲಿ ಹೇಳಿದರೆ ಸಾಕು, ನೂರು ಹೆಡೆಯ ಹಾವು ಸಿದ್ಧ. ಆದ್ದರಿಂದ ಒಂದೊಂದು ಚಿತ್ರದ ಸುಳ್ಳನ್ನು ಬಯಲುಮಾಡುತ್ತ ಹೋಗುವುದಕ್ಕಿಂತ, ಛಾಯಾಚಿತ್ರವೆಂಬುದು ಯಾವ ಬಗೆಯ ಪ್ರಮಾಣ ಎಂಬುದನ್ನೇ ವಿಚಾರಿಸುವುದು ಯುಕ್ತ.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ವಸ್ತುವು ಹೇಗಿದೆಯೋ ಹಾಗೆಯೇ ಅದನ್ನು ಗ್ರಹಿಸುವುದು ಪ್ರಮಾಣ. ಯಥಾರ್ಥಜ್ಞಾನವೇ ಕೇವಲಪ್ರಮಾಣ. ಆ ಜ್ಞಾನಕ್ಕೆ ಸಾಧನವಾದ ಅನುಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಪಾಠ ಹೇಳಿಸಿಕೊಂಡವರಿಗೆ ಇದು ಗೊತ್ತಿದ್ದದ್ದೇ. ಆದರೆ ಈ ಮೂರರ ಲಕ್ಷಣಗಳಲ್ಲಿಯೂ ‘ನಿರ್ದೋಷ’ವೆಂಬ ಒಂದೇ ವಿಶೇಷಣ ಮರಳಿ ಮರಳಿ ಬರುವುದನ್ನು ನಾವು ಸಾಕಷ್ಟು ಗಮನಿಸುವುದಿಲ್ಲ. ಬರಿಯ ಇಂದ್ರಿಯವಲ್ಲ, ದೋಷವಿಲ್ಲದ ಇಂದ್ರಿಯವು ದೋಷವಿಲ್ಲದ ವಿಷಯದೊಡನೆ ಸೇರಿದಾಗ ಪ್ರತ್ಯಕ್ಷ. ದೋಷವಿಲ್ಲದ ಯುಕ್ತಿ ಅನುಮಾನ. ದೋಷವಿಲ್ಲದ ಶಬ್ದ ಆಗಮ. ಕಂಡದ್ದನ್ನು, ಊಹಿಸಿದ್ದನ್ನು, ಕೇಳಿದ್ದನ್ನು ಶೋಧಿಸದೆ ಒಪ್ಪುವ ಅಭ್ಯಾಸಕ್ಕೆ ನಮ್ಮ ಸಂಪ್ರದಾಯದಲ್ಲಿ ಎಡೆಯೇ ಇಲ್ಲ.

ಈಗ ಅಂಗೈಯಲ್ಲಿರುವ ಚಿತ್ರವನ್ನು ನೋಡೋಣ. ನಮ್ಮ ಕಣ್ಣಿಗೆ ಪ್ರತ್ಯಕ್ಷವಾದುದು ಏನು? ಗಾಜಿನ ಮೇಲಿನ ಬಣ್ಣಗಳು ಮಾತ್ರ, ಸರ್ಪವಲ್ಲ. ಬಣ್ಣವನ್ನು ಕಂಡು, ಇದರ ಹಿಂದೆ ಇಂಥದೊಂದು ಪ್ರಾಣಿ ಇದ್ದಿರಬೇಕೆಂದು ಮನಸ್ಸು ಊಹಿಸುವುದು ಅನುಮಾನ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಲ್ಲಿ, ಬೆಂಕಿಯಿಲ್ಲದೆ ಹೊಗೆ ಇರದೆಂಬ ವ್ಯಾಪ್ತಿಯುಂಟು. ಪ್ರಾಣಿಯಿಲ್ಲದೆ ಪ್ರಾಣಿಯ ಚಿತ್ರವಿರದೆಂಬ ವ್ಯಾಪ್ತಿ ಎಲ್ಲಿದೆ? ಛಾಯಾಚಿತ್ರಗ್ರಹಣ ಆರಂಭವಾದ ಕಾಲದಲ್ಲಿ ಅದು ಇದ್ದಂತೆ ತೋರುತ್ತಿತ್ತು, ಈಗ ಸರ್ವಥಾ ಇಲ್ಲ. ಹೇತುವೇ ದುಷ್ಟವಾದ ಮೇಲೆ ಅನುಮಾನ ನಿಲ್ಲದು. ಉಳಿದುದು ‘ಇದು ಕುಕ್ಕೆಯಲ್ಲಿ ಕಂಡ ನಾಗ’ ಎಂಬ ವಾಕ್ಯ. ಅದು ಪೌರುಷೇಯ ಶಬ್ದ. ವಿಷ್ಣುತತ್ತ್ವನಿರ್ಣಯದಲ್ಲಿ ಆಚಾರ್ಯರು ವೇದದ ಅಪೌರುಷೇಯತ್ವವನ್ನು ಸ್ಥಾಪಿಸುವಾಗ ಪುರುಷವಾಕ್ಯಕ್ಕೆ ಅಜ್ಞಾನ, ವಿಪ್ರಲಂಭಗಳ ಶಂಕೆ ತಗಲುವುದನ್ನು ಎತ್ತಿ ಹೇಳಿದ್ದಾರೆ. ವಿಪ್ರಲಂಭವೆಂದರೆ ವಂಚನೆ. ಹೇಳುವವನು ಆಪ್ತನೆಂದು ತಿಳಿದಿದ್ದರೆ ಆ ಶಂಕೆ ಕಳೆಯುತ್ತದೆ. ಈ ಚಿತ್ರವನ್ನು ಮೊದಲು ಹೊರಡಿಸಿದವನು ಯಾರು? ಹೆಸರಿಲ್ಲ, ಊರಿಲ್ಲ, ಕಂಡ ದಿನವಿಲ್ಲ. ನಮಗೆ ಕಳುಹಿಸಿದ ಭಾವನವರು ಆಪ್ತರೇ ಸರಿ. ಆದರೆ ಅವರು ಕಂಡವರಲ್ಲ, ಅವರಿಗೆ ಕಳುಹಿಸಿದವರೂ ಕಂಡವರಲ್ಲ. ಆಪ್ತರ ಕೈಯಿಂದ ಕೈಗೆ ಬಂದ ಮಾತ್ರಕ್ಕೆ ಅನಾಪ್ತನ ಮಾತು ಆಪ್ತವಾಕ್ಯವಾಗದು.

ಕಣ್ಣಾರೆ ಕಂಡೆವೆಂದವರ ಮಾತನ್ನೂ ಹೀಗೆಯೇ ತೂಗಬೇಕಾಗುತ್ತದೆ. ಶ್ರೀಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ವಿಷಯಗತವಾದ ದೋಷಗಳನ್ನು ಎಣಿಸಿದ್ದಾರೆ. ವಸ್ತು ಅತಿದೂರದಲ್ಲಿರುವುದು, ಅತಿ ಸಮೀಪದಲ್ಲಿರುವುದು, ಅತಿಸೂಕ್ಷ್ಮವಾಗಿರುವುದು, ಮರೆಯಲ್ಲಿರುವುದು, ಇನ್ನೊಂದನ್ನು ಹೋಲುವುದು, ಇಂಥವು. ಜಗತ್ತಿನಲ್ಲಿ ಪ್ರಸಿದ್ಧಿ ಪಡೆದ ವಿಚಿತ್ರಪ್ರಾಣಿಗಳ ಕಥೆಗಳನ್ನು ಈ ಪಟ್ಟಿಯೊಡನೆ ಓದಿದರೆ ಆಶ್ಚರ್ಯವಾಗುತ್ತದೆ. ಸ್ಕಾಟ್ಲೆಂಡಿನ ನೆಸ್ ಸರೋವರದಲ್ಲಿ ಉದ್ದ ಕತ್ತಿನ ಮಹಾಪ್ರಾಣಿಯೊಂದಿದೆಯೆಂಬ ನಂಬಿಕೆಗೆ ಆಧಾರಸ್ತಂಭವಾಗಿದ್ದ ಛಾಯಾಚಿತ್ರ 1934ರ ಏಪ್ರಿಲಿನಲ್ಲಿ ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತೆಗೆದವರು ವೈದ್ಯರೆಂಬ ಕಾರಣದಿಂದ ಅದಕ್ಕೆ ಮಾನ್ಯತೆ ಬಂದಿತು. ಅರುವತ್ತು ವರ್ಷಗಳ ಬಳಿಕ, 1994ರಲ್ಲಿ, ಸತ್ಯ ಹೊರಬಿತ್ತು. ಆಟಿಕೆಯ ಜಲಾಂತರ್ನೌಕೆಗೆ ಕತ್ತು ತಲೆಗಳನ್ನು ಮೆತ್ತಿ ನೀರಿನಲ್ಲಿ ತೇಲಿಬಿಟ್ಟ ಬೊಂಬೆ ಅದಾಗಿತ್ತು. ಸುತ್ತಲಿನ ನೀರನ್ನು ಕತ್ತರಿಸಿ ಬರಿಯ ನಡುಭಾಗವನ್ನು ಅಚ್ಚುಹಾಕಿದ್ದರಿಂದ ಬೊಂಬೆ ಮಹಾಪ್ರಾಣಿಯಾಗಿ ಕಂಡಿತು.

ಆಚಾರ್ಯರು ಬದರಿಗಾಗಿ ಎರಡು ಬಾರಿ ಏರಿಹೋದ ಹಿಮಾಲಯಕ್ಕೂ ಇಂತಹದೊಂದು ಕಥೆ ಅಂಟಿಕೊಂಡಿದೆ. ಯೇತಿ ಎಂಬ ಹಿಮಮಾನವನ ಹೆಜ್ಜೆಗಳನ್ನು 1951ರಲ್ಲಿ ಎರಿಕ್ ಶಿಪ್ಟನ್ ಎಂಬ ಪರ್ವತಾರೋಹಿ ಚಿತ್ರಿಸಿಕೊಂಡು ಬಂದಾಗಿನಿಂದ ಅದು ಜಗದ್ವಿಖ್ಯಾತವಾಯಿತು. 2019ರ ಏಪ್ರಿಲಿನಲ್ಲಿ ನಮ್ಮ ಭೂಸೇನೆಯ ಪರ್ವತಾರೋಹಿಗಳ ತಂಡವೂ ನೇಪಾಳದ ಮಕಾಲು ಶಿಬಿರದ ಬಳಿ 32 ಅಂಗುಲ ಉದ್ದ, 15 ಅಂಗುಲ ಅಗಲದ ಹೆಜ್ಜೆಗಳನ್ನು ಕಂಡುದಾಗಿ ಚಿತ್ರಸಹಿತ ಪ್ರಕಟಿಸಿತು. ಸೈನಿಕರು ಸುಳ್ಳು ಹೇಳಿದರೆಂದು ನಾವು ಭಾವಿಸುವುದಿಲ್ಲ. ಹೆಜ್ಜೆಯ ಗುಳಿ ಇದ್ದದ್ದೇ. ಆದರೆ ಕರಡಿ ಮುಂಗಾಲಿನ ಗುರುತಿನ ಮೇಲೆಯೇ ಹಿಂಗಾಲನ್ನಿಟ್ಟು ನಡೆಯುವುದುಂಟು. ಬಿಸಿಲಿಗೆ ಹಿಮ ಕರಗಿದಂತೆ ಗುಳಿ ಹಿಗ್ಗುವುದೂ ಉಂಟು. ಯೇತಿಯದೆಂದು ಕಾಪಾಡಿಕೊಂಡು ಬಂದ ಎಲುಬು, ಚರ್ಮ, ಕೂದಲು ಮೊದಲಾದ ಒಂಬತ್ತು ಅವಶೇಷಗಳನ್ನು ವಂಶವಾಹಿಯ ಪರೀಕ್ಷೆಗೆ ಒಳಪಡಿಸಿದ ಫಲ 2017ರಲ್ಲಿ ಪ್ರಕಟವಾಯಿತು. ಎಂಟು ಕರಡಿಗಳವು, ಒಂದು ನಾಯಿಯದು.

ಶುಕ್ತಿಯಲ್ಲಿ ರಜತವನ್ನು ಕಾಣುವ ದೃಷ್ಟಾಂತವನ್ನು ನಮ್ಮ ವಿದ್ವಾಂಸರು ಪ್ರವಚನಗಳಲ್ಲಿ ಎಷ್ಟು ಬಾರಿ ವಿವರಿಸಿಲ್ಲ! ಎದುರಿಗಿರುವ ಚಿಪ್ಪು ಸತ್ಯ. ಅಂಗಡಿಯಲ್ಲಿರುವ ಬೆಳ್ಳಿಯೂ ಸತ್ಯ. ಇಲ್ಲಿಲ್ಲದ ಬೆಳ್ಳಿ ಇಲ್ಲಿರುವಂತೆ ತೋರುವುದು ಭ್ರಾಂತಿ. ಹಿಮದ ಗುಳಿಯೂ ಇದೆ, ಕರಡಿಯೂ ಇದೆ, ನಡುವೆ ಮೂಡಿದ ಹಿಮಮಾನವ ಮಾತ್ರ ಅಸತ್. ನಾಗರಹಾವು ಇದೆ, ಶಿಲ್ಪಿ ಕಡೆದ ಐದು ಹೆಡೆಯೂ ಇದೆ, ಪೊದೆಯಲ್ಲಿ ಕುಳಿತ ಪಂಚಫಣಿ ಮಾತ್ರ ಇಲ್ಲ. ಭ್ರಾಂತಿಗೆ ಸದೃಶವಾದ ವಸ್ತುವೊಂದು ಬೇಕೆಂಬುದು ಇದಕ್ಕೇ. ಯಾವುದನ್ನು ಕಾಣಲು ಹಂಬಲಿಸುತ್ತೇವೆಯೋ ಅದರ ಸಂಸ್ಕಾರವೇ ಕಣ್ಣಿನ ಮುಂದೆ ಬಂದು ನಿಲ್ಲುತ್ತದೆ.

ಹಾಗೆಂದು, ಅಪರೂಪವಾದುದೆಲ್ಲವೂ ಸುಳ್ಳೆಂದು ಸಾಧಿಸುವ ಹಟ ನಮಗಿಲ್ಲ. ಅಡಿಕೆಮರದಿಂದ ಅಡಿಕೆಮರಕ್ಕೆ ತೇಲಿಹೋಗುವ ಹಾರುವ ಓತಿಯನ್ನು ಬಯಲುಸೀಮೆಯವರಿಗೆ ವರ್ಣಿಸಿದರೆ ನಕ್ಕುಬಿಟ್ಟಾರು. ಆದರೆ ನಮ್ಮ ಕರಾವಳಿಯ ತೋಟಗಳಲ್ಲಿ ಅದು ದಿನದ ದೃಶ್ಯ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವಿನ ಕಥೆಗೆ ಅದೇ ಕೇಂದ್ರವಾಯಿತು. ಕೋಟ್ಯಂತರ ವರ್ಷಗಳ ಹಿಂದೆಯೇ ನಿರ್ವಂಶವಾಯಿತೆಂದು ಎಣಿಸಿದ್ದ ಸೀಲಕಾಂತ್ ಎಂಬ ಮೀನು 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಮೀನುಗಾರರ ಬಲೆಗೆ ಬಿತ್ತು. ಅಲ್ಲಿಯ ವಸ್ತುಸಂಗ್ರಹಾಲಯದ ಮಾರ್ಜೊರಿ ಕೋರ್ಟ್ನೆ-ಲ್ಯಾಟಿಮರ್ ಎಂಬ ತರುಣಿ ಅದರ ವೈಲಕ್ಷಣ್ಯವನ್ನು ಗುರುತಿಸಿ ಚಿತ್ರ ಬರೆದು ತಜ್ಞರಿಗೆ ಕಳುಹಿಸಿದರು. ಅವರು ಚಿತ್ರವನ್ನು ಕಳುಹಿಸಿ ಸುಮ್ಮನಾಗಲಿಲ್ಲವೆಂಬುದೇ ಇಲ್ಲಿ ಮುಖ್ಯ. ಒಳಗಿನ ಅಂಗಗಳನ್ನು ಉಳಿಸಲಾಗದಿದ್ದರೂ ಚರ್ಮವನ್ನು ಕೆಡದಂತೆ ಕಾಪಾಡಿದರು. ಎರಡನೆಯ ಮೀನು ದೊರೆಯಲು 1952ರವರೆಗೆ, ಹದಿನಾಲ್ಕು ವರ್ಷ ಕಾಯಬೇಕಾಯಿತು, ತಜ್ಞರು ಕಾದರು. ಜ್ಞಾನದ ಪ್ರಾಮಾಣ್ಯ ಸ್ವತಃ ಸಾಕ್ಷಿಗೆ ವೇದ್ಯವಾದರೂ, ಸಂಶಯ ಬಂದೆಡೆಯಲ್ಲಿ ಪರೀಕ್ಷೆಯಿಂದ ಆ ತಡೆಯನ್ನು ಕಳೆಯಬೇಕೆಂದು ನಮ್ಮ ಶಾಸ್ತ್ರ ಹೇಳುವುದು ಈ ಬಗೆಯ ತಾಳ್ಮೆಯನ್ನೇ.

ಇಲ್ಲಿ ತೀಕ್ಷ್ಣವಾದ ಆಕ್ಷೇಪವೊಂದು ಏಳುತ್ತದೆ, ಏಳಬೇಕಾದದ್ದೇ. ಪಾಜಕಕ್ಷೇತ್ರ ನಮ್ಮೂರಿಗೆ ದೂರವಲ್ಲ. ಬಾಲಕ ವಾಸುದೇವನು ಸರ್ಪರೂಪದಿಂದ ಬಂದ ಮಣಿಮಂತನನ್ನು ಕಾಲ ಹೆಬ್ಬೆರಳಿನಿಂದ ಹೊಸಕಿದನೆಂದು ಸುಮಧ್ವವಿಜಯ ಹೇಳುತ್ತದೆ; ನಾವು ಭಕ್ತಿಯಿಂದ ಅದನ್ನು ಪಾರಾಯಣ ಮಾಡುತ್ತೇವೆ. ಅದನ್ನು ನಂಬುವವರು ಇದನ್ನೇಕೆ ನಂಬಬಾರದು? ಅಥವಾ, ಇದನ್ನು ಅಲ್ಲಗಳೆದವರು ಅದನ್ನೂ ಅಲ್ಲಗಳೆಯಬೇಡವೆ?

ಉತ್ತರ ವಿಷಯವಿಭಾಗದಲ್ಲಿದೆ. ಇಂದ್ರಿಯಗಳಿಗೆ ನಿಲುಕದ ಸಂಗತಿಯಲ್ಲಿ ಆಗಮವೇ ಪ್ರಬಲ. ಅಲ್ಲಿ ಕಣ್ಣಿನ ಸಾಕ್ಷ್ಯವನ್ನು ಕೇಳುವುದೇ ಅವಿಚಾರ. ಆದರೆ ಇಂದ್ರಿಯಗಳಿಗೆ ನಿಲುಕುವ ಸಂಗತಿಯಲ್ಲಿ ಪ್ರತ್ಯಕ್ಷವು ಉಪಜೀವ್ಯ. ಅದನ್ನು ಆಶ್ರಯಿಸಿ ನಿಂತ ಇತರ ಪ್ರಮಾಣಗಳು ಅದನ್ನು ಬಾಧಿಸಲಾರವೆಂದೇ ಜಗತ್ತಿನ ಸತ್ಯತ್ವವನ್ನು ನಮ್ಮ ಆಚಾರ್ಯರು ಸಮರ್ಥಿಸಿದ್ದಾರೆ. ಅವತಾರಪುರುಷರ ಮಹಿಮೆಯನ್ನು ಶ್ರೀನಾರಾಯಣಪಂಡಿತಾಚಾರ್ಯರಂತಹ ಆಪ್ತರಿಂದ ನಾವು ಕೇಳಿದ್ದೇವೆ. ಅವರು ಯಾರು, ಯಾರ ಮಕ್ಕಳು, ಯಾವ ಪರಂಪರೆಯವರು ಎಂಬುದೆಲ್ಲ ತಿಳಿದಿದೆ. ಗತಕಾಲದ ಅಂತಹ ಮಹಿಮೆಯನ್ನು ಇಂದು ಕಣ್ಣಿನಿಂದ ಅಳೆಯಲು ಬಾರದು. ‘ಈ ಹೊತ್ತು ಕುಮಾರಧಾರೆಯ ಬಳಿ ಐದು ಹೆಡೆಯ ಹಾವು ಹರಿದಾಡುತ್ತಿದೆ’ ಎಂಬುದು ಆ ಜಾತಿಯ ಮಾತಲ್ಲ. ಅದು ಹೋಗಿ ನೋಡಬಹುದಾದ ಸಂಗತಿ. ನೋಡಬಹುದಾದುದನ್ನು ನೋಡದೆ ನಂಬೆಂದು ಯಾವ ಶಾಸ್ತ್ರವೂ ಹೇಳದು. ಹೀಗಾಗಿ ಅದನ್ನು ಅಲ್ಲಗಳೆದುದರಿಂದ ಶಾಸ್ತ್ರದ ಒಂದಕ್ಷರಕ್ಕೂ ಚ್ಯುತಿಯಿಲ್ಲ.

ಹಾಗಾದರೆ ಬನದಲ್ಲಿರುವ ಐದು ಹೆಡೆಯ ಕಲ್ಲು? ಕಲ್ಲು ಎಂದಾದರೂ ‘ಇಂಥ ಪ್ರಾಣಿಯನ್ನು ಕಂಡೆ’ ಎಂದು ಹೇಳಿದ್ದುಂಟೆ? ಅದು ಪ್ರತಿಮೆ. ಪ್ರತಿಮೆಯೇ ದೇವರಲ್ಲ, ಪ್ರತಿಮೆಯಲ್ಲಿ ದೇವರಿದ್ದಾನೆಂದು ತಿಳಿದು ಪೂಜಿಸಬೇಕೆಂಬುದು ನಮ್ಮ ಸಂಪ್ರದಾಯದ ಮೊದಲ ಪಾಠ. ಶೇಷದೇವರನ್ನೂ ಅವರ ಅಂತರ್ಯಾಮಿಯಾದ ಸಂಕರ್ಷಣನನ್ನೂ ನೆನೆಯಲು ಕಲ್ಲಿನ ಹೆಡೆಗಳು ಸಂಕೇತ. ಛಾಯಾಚಿತ್ರದ ಹೆಡೆ ಸಂಕೇತವಾಗಿ ಬರುವುದಿಲ್ಲ, ವರದಿಯಾಗಿ ಬರುತ್ತದೆ. ಸಂಕೇತಕ್ಕೆ ಸುಳ್ಳಿನ ದೋಷ ತಟ್ಟದು, ವರದಿಗೆ ತಟ್ಟುತ್ತದೆ.

ಇನ್ನು ನಾವು ಕಠಿಣವೆಂದ ಪ್ರಶ್ನೆ. ಸುಳ್ಳಿನಿಂದ ಭಕ್ತಿ ಹೆಚ್ಚಿದರೆ ತಪ್ಪೇನು? ಭಕ್ತಿಯೆಂದರೆ ಏನೆಂಬುದನ್ನು ಅವಲಂಬಿಸಿ ಇದಕ್ಕೆ ಉತ್ತರ. ಬೆರಗು, ಭಯ, ಮೈನವಿರೇಳುವುದು ಇವೇ ಭಕ್ತಿಯಾದರೆ, ಚಿತ್ರವು ಭಕ್ತಿಯನ್ನು ಹೆಚ್ಚಿಸುವುದು ನಿಜ. ಆದರೆ ಆಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಕೊಟ್ಟ ಲಕ್ಷಣದಂತೆ ಭಕ್ತಿಯು ಮಾಹಾತ್ಮ್ಯಜ್ಞಾನವನ್ನು ಮುಂದಿಟ್ಟುಕೊಂಡ, ಎಲ್ಲಕ್ಕಿಂತ ಮಿಗಿಲಾದ ದೃಢಸ್ನೇಹ. ಜ್ಞಾನ ಮೊದಲು, ಸ್ನೇಹ ಅನಂತರ. ಜ್ಞಾನದ ಸ್ಥಾನದಲ್ಲಿ ಮಿಥ್ಯಾಜ್ಞಾನವನ್ನಿಟ್ಟರೆ ಅದರ ಮೇಲೆ ಬೆಳೆಯುವುದು ಭಕ್ತಿಯಂತೆ ಕಾಣುವ ಬೇರೆ ಏನೋ ಒಂದು. ಸಾವಿರ ಹೆಡೆಗಳಲ್ಲಿ ಭೂಮಂಡಲವನ್ನು ಸಾಸಿವೆಯಂತೆ ಹೊತ್ತ ಶೇಷದೇವರ ಮಹಿಮೆಯನ್ನು ಪುರಾಣಶ್ರವಣದಿಂದ ತಿಳಿದವನಿಗೆ, ಪೊದೆಯ ಮರೆಯ ಐದು ಹೆಡೆ ಏನನ್ನು ಕೂಡಿಸೀತು? ನಾಗನ ಮಹಿಮೆ ಒಂದು ಅಂಗವಿಕಾರದ ಪ್ರಾಣಿಯ ಇರವಿನ ಮೇಲೆ ನಿಂತಿದೆಯೆಂದು ಎಣಿಸುವುದು ಮಹಿಮೆಗೆ ಕುಂದಲ್ಲವೆ? ಆಚಾರ್ಯರ ಪೂರ್ವಾಶ್ರಮದ ಸೋದರರಾದ ಶ್ರೀವಿಷ್ಣುತೀರ್ಥರ ಪರಂಪರೆಯ ಮಠವಿರುವ ಸುಬ್ರಹ್ಮಣ್ಯ ಕ್ಷೇತ್ರಕ್ಕೆ ಚಿತ್ರದ ಬೆಂಬಲವೇನೂ ಬೇಕಾಗಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಇಂದಿನ ತರುಣರು ಇಂತಹ ಚಿತ್ರದ ಕೃತ್ರಿಮವನ್ನು ನಿಮಿಷದಲ್ಲಿ ಕಂಡುಹಿಡಿಯಬಲ್ಲರು. ಮನೆಯ ಹಿರಿಯರು ಚಿತ್ರವನ್ನೂ ಪುರಾಣವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರೆ, ಚಿತ್ರ ಸುಳ್ಳಾದ ದಿನ ಅವರು ಎರಡನ್ನೂ ಒಟ್ಟಿಗೆ ಬಿಸುಟಾರು. ಆಮೇಲೆ ಯುವಜನರಲ್ಲಿ ಶ್ರದ್ಧೆಯಿಲ್ಲವೆಂದು ನಾವು ಮರುಗುವುದು ಯಾವ ನ್ಯಾಯ?

ಸುಳ್ಳು ಕಥೆಗಳ ಭಾರ ಹೊರುವುದು ಕೊನೆಗೆ ಹಾವುಗಳೇ ಎಂಬುದನ್ನೂ ಮರೆಯುವಂತಿಲ್ಲ. ಮಣ್ಣುಮುಕ್ಕವೆಂಬ ನಿರುಪದ್ರವಿ ಹಾವಿನ ಬಾಲ ತಲೆಯಂತೆಯೇ ಮೊಂಡು. ಅದಕ್ಕೆ ಎರಡು ತಲೆಯುಂಟು, ಮನೆಯಲ್ಲಿದ್ದರೆ ನಿಧಿ ದೊರೆಯುತ್ತದೆ ಎಂಬ ಕಥೆಯನ್ನು ನಂಬಿ ಜನ ಲಕ್ಷಗಟ್ಟಲೆ ಹಣ ತೆರಲು ಮುಂದಾಗುತ್ತಾರೆ. ಕಳ್ಳಸಾಗಣೆಗಾರರು ಗೋಣಿಯಲ್ಲಿ ಕಟ್ಟಿ ಒಯ್ಯುವಾಗ ಪೋಲೀಸರಿಗೆ ಸಿಕ್ಕಿಬಿದ್ದ ಪ್ರಕರಣಗಳು ಕರ್ನಾಟಕದಲ್ಲಿ ಒಂದೆರಡಲ್ಲ. 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯಂತೆ ಅದು ಅಪರಾಧ. ಇಲಿಗಳನ್ನು ತಿಂದು ರೈತನಿಗೆ ಉಪಕರಿಸುವ ಬಡಜೀವಿಗೆ ಇಲ್ಲದ ತಲೆಯೊಂದನ್ನು ಕಥೆ ಕೊಟ್ಟಿತು. ಇದ್ದ ಪ್ರಾಣವನ್ನು ಕಿತ್ತುಕೊಂಡಿತು. ಇದಕ್ಕೆ ವಿರುದ್ಧವಾಗಿ ನಮ್ಮ ತುಳುನಾಡಿನ ಹಿರಿಯರು ಮಾಡಿದ್ದೇನು? ಒಂದೇ ಹೆಡೆಯ ಸಾಮಾನ್ಯ ನಾಗರಹಾವಿಗಾಗಿ ಗದ್ದೆಯ ಅಂಚಿನಲ್ಲಿ ಮರಗಿಡ ಕಡಿಯದ ಬನವನ್ನು ಬಿಟ್ಟರು. ಸತ್ತ ನಾಗನಿಗೆ ಮನುಷ್ಯನಿಗೆ ಮಾಡುವಂತೆ ಸಂಸ್ಕಾರ ಮಾಡಿದರು. ಅವರ ಗೌರವಕ್ಕೆ ಒಂದು ಹೆಡೆ ಸಾಕಾಗಿತ್ತು.

ಕೊನೆಗೆ, ಕಳುಹಿಸುವವರ ಮಾತು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ವಾಙ್ಮಯ ತಪಸ್ಸನ್ನು ಹೇಳುವಾಗ ಭಗವಂತನು ಸತ್ಯಕ್ಕಿಂತಲೂ ಮೊದಲು, ಮಾತು ಇನ್ನೊಬ್ಬರ ಮನಸ್ಸನ್ನು ಕದಡಬಾರದೆಂಬುದನ್ನು ಹೇಳಿದ್ದಾನೆ. ‘ಕಳುಹಿಸದಿದ್ದರೆ ಕೇಡು’ ಎಂಬ ಸಂದೇಶ ಈ ಎರಡನ್ನೂ ಒಮ್ಮೆಗೇ ಮುರಿಯುತ್ತದೆ. ಸಂತಾನವಿಲ್ಲದ ಕೊರಗಿನಲ್ಲಿರುವ ಮನೆಗೆ, ರೋಗಿಯ ಹಾಸಿಗೆಯ ಬದಿಗೆ, ಈ ಬೆದರಿಕೆ ತಲಪಿದಾಗ ಅಲ್ಲಿ ಏನಾಗುತ್ತದೆಂಬುದನ್ನು ಒತ್ತುವ ಬೆರಳು ಯೋಚಿಸುವುದಿಲ್ಲ. ನಾವು ಸೃಷ್ಟಿಸಿದ್ದಲ್ಲ, ಬಂದುದನ್ನು ದಾಟಿಸಿದೆವು ಅಷ್ಟೆ ಎಂಬ ಸಮಾಧಾನ ಸಲ್ಲದು. ದಾಟಿಸುವವನೂ ತನ್ನ ಹೆಸರಿನ ಆಪ್ತತೆಯನ್ನು ಅದಕ್ಕೆ ಕೊಟ್ಟೇ ದಾಟಿಸುತ್ತಾನೆ.

ಬಂದ ಚಿತ್ರವನ್ನು ಅಳಿಸಿದರೆ ಸರ್ಪದೋಷ ತಗಲೀತೆಂದು ಹೆದರುವ ತಾಯಂದಿರು ನಮ್ಮಲ್ಲಿ ಇದ್ದಾರೆ. ಅವರಿಗಾಗಿ ಸ್ಪಷ್ಟವಾಗಿ ಹೇಳುತ್ತೇವೆ: ಅದಕ್ಕೆ ಆವಾಹನೆಯಿಲ್ಲ, ಪ್ರತಿಷ್ಠೆಯಿಲ್ಲ, ನಾಗನ ಸನ್ನಿಧಾನವೆಂದು ಯಾವ ತಂತ್ರಗ್ರಂಥವೂ ಅದನ್ನು ಗಣಿಸಿಲ್ಲ. ನಿಶ್ಚಿಂತೆಯಿಂದ ಅಳಿಸಬಹುದು. ಕಳುಹಿಸಿದವರು ಹಿರಿಯರಾಗಿದ್ದರೆ, ಪಂಚಮಿಯಂದು ಬನದಲ್ಲಿ ಭೇಟಿಯಾದಾಗ, ತನು ಎರೆದು ಪ್ರಸಾದ ಸ್ವೀಕರಿಸಿದ ಮೇಲೆ, ವಿನಯದಿಂದ ವಿಷಯವನ್ನು ತಿಳಿಸಬಹುದು.